ಕಿತ್ತಳೆ ಹುಲಿ ಜಿಂಕೆ ಕಣ್ಣಿಗೆ ಬೀಳಲ್ಲ, ಯಾಕೆ?

ಹಸಿರು ಕಾಡಲ್ಲಿ ಕಿತ್ತಳೆ ಬಣ್ಣದ ಪ್ರಾಣಿ. ಬಚ್ಚಿಟ್ಟುಕೊಳ್ಳೋಕೆ ಇದಕ್ಕಿಂತ ಕೆಟ್ಟ ಬಣ್ಣ ಬೇಕಾ ಅನ್ಸುತ್ತೆ, ಅಲ್ವಾ? ಆದರೆ ಹುಲಿ ಬಚ್ಚಿಟ್ಟುಕೊಳ್ತಿರೋದು ನಮ್ಮಿಂದ ಅಲ್ಲ, ಜಿಂಕೆಯಿಂದ.

ನಮ್ಮ ಕಣ್ಣಲ್ಲಿ ಬಣ್ಣ ಗುರುತಿಸೋ ಕೋಶಗಳು ಮೂರು ಬಗೆ. ಜಿಂಕೆ, ಕಡವೆಗೆ ಎರಡೇ. ಕಿತ್ತಳೆ ಯಾವುದು, ಹಸಿರು ಯಾವುದು ಅಂತ ಅವಕ್ಕೆ ಸರಿಯಾಗಿ ಗೊತ್ತಾಗಲ್ಲ. ಹಾಗಾಗಿ ಪೊದೆ ಯಾವ ಬಣ್ಣವೋ ಹುಲಿಯೂ ಹೆಚ್ಚುಕಮ್ಮಿ ಅದೇ ಬಣ್ಣ. ಹಾಗಾದರೆ ಹುಲಿ ಹಸಿರಾಗೇ ಯಾಕಿಲ್ಲ? ಕೂದಲಿಗೆ ಹಸಿರು ಬಣ್ಣ ಕೊಡೋ ವರ್ಣದ್ರವ್ಯ ಅದರ ಮೈಯಲ್ಲಿಲ್ಲ. ಇರೋದರಲ್ಲೇ ಕೆಲಸ ನಡೆದಿದೆ!

ಇನ್ನು ಪಟ್ಟೆ. ಎತ್ತರದ ಹುಲ್ಲಿನ ನೆರಳು-ಬೆಳಕಲ್ಲಿ ಮೈ ಎಲ್ಲಿ ಮುಗೀತು ಅಂತಲೇ ತಿಳಿಯಲ್ಲ. ಒಂದರ ಪಟ್ಟೆ ಇನ್ನೊಂದಕ್ಕಿಲ್ಲ, ನಮ್ಮ ಹೆಬ್ಬೆಟ್ಟಿನ ಗುರುತಿದ್ದಂಗೆ. ಅಷ್ಟೇ ಅಲ್ಲ, ಒಂದೇ ಹುಲಿಯ ಎಡಮಗ್ಗುಲು ಬೇರೆ, ಬಲಮಗ್ಗುಲು ಬೇರೆ. 1990ರ ದಶಕದಲ್ಲಿ ನಾಗರಹೊಳೆ ಕಾಡಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕ್ಯಾಮೆರಾ ಕಟ್ಟಿ ಹುಲಿಗಳ ಲೆಕ್ಕ ಹಿಡಿದದ್ದು ಈ ಪಟ್ಟೆಗಳನ್ನೇ ನಂಬಿ. ಅದಕ್ಕೂ ಮೊದಲು ಹೆಜ್ಜೆಗುರುತಿನ ಲೆಕ್ಕ. ಒಂದೇ ಹುಲಿ ಒಣಮಣ್ಣಲ್ಲೊಂದು, ಕೆಸರಲ್ಲೊಂದು ಹೆಜ್ಜೆ ಇಟ್ಟರೆ ಎರಡು ಹುಲಿ ಆಗಿಬಿಡೋ ಅಪಾಯ!

ನಾವು ಹುಲಿಯನ್ನ ಗುರುತಿಸೋದು ಪಟ್ಟೆ ನೋಡಿ. ಆದರೆ ಹುಲಿಗಳಲ್ಲಿ ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟೋದು ಹೆಚ್ಚಾಗಿ ವಾಸನೆಯಿಂದ. ಬಾಲ ಎತ್ತಿ ಮರದ ಬುಡಕ್ಕೆ ಒಂದು ದ್ರವ ಚಿಮ್ಮಿಸಿ ಹೋಗುತ್ತೆ. ಇದು ನನ್ನ ಜಾಗ ಅಂತ. ಬಾಸುಮತಿ ಅಕ್ಕಿಗೆ ಘಮ ಕೊಡೋ ರಾಸಾಯನಿಕವೇ ಅದರಲ್ಲೂ ಇದೆ. ಸಫಾರಿಗೆ ಹೋದಾಗ ಎಲ್ಲಿಂದಲೋ ಅನ್ನ ಬೆಂದ ವಾಸನೆ ಬಂತಾ? ಜೀಪಿಂದ ಮಾತ್ರ ಇಳೀಬೇಡಿ!