ಶಾಲೆಯ ಅಂಗಳದಲ್ಲಿ ಜಲಪಾಠ: ನಗರದ ಹೊಣೆ, ಉದ್ಯಮದ ಪಾಲು

ಕಚ್ಚಾ ಸಾಮಗ್ರಿ, ವಿದ್ಯುತ್, ಸಾಗಾಣಿಕೆ, ಕೂಲಿ ಇವುಗಳ ವೆಚ್ಚವನ್ನು ಪ್ರತಿಯೊಬ್ಬ ಉದ್ಯಮಿಯೂ ಕರಾರುವಾಕ್ಕಾಗಿ ಲೆಕ್ಕವಿಡುತ್ತಾನೆ. ನೀರಿನ ವೆಚ್ಚವಾದರೋ ಬಹುಕಾಲ ‘ಇತರೆ ಖರ್ಚು’ಗಳ ಸಾಲಿನಲ್ಲಿಯೇ ಉಳಿದುಬಂದಿತು. 2024ರ ಬೇಸಿಗೆಯು ಬೆಂಗಳೂರಿನ ಮಟ್ಟಿಗೆ ಈ ರೂಢಿಯನ್ನು ಅಲುಗಾಡಿಸಿತು. ಸರ್ಕಾರವೇ ತಿಳಿಸಿದಂತೆ, ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿಹೋಗಿದ್ದವು. ಟ್ಯಾಂಕರ್ ನೀರಿನ ಬೆಲೆ ಏರತೊಡಗಿದಾಗ ಜಿಲ್ಲಾಡಳಿತವು ಮಧ್ಯೆ ಪ್ರವೇಶಿಸಿ, 12,000 ಲೀಟರ್ ಟ್ಯಾಂಕರಿಗೆ 5 ಕಿ.ಮೀ. ಒಳಗೆ 1,000 ರೂ. ಹಾಗೂ 5ರಿಂದ 10 ಕಿ.ಮೀ. ದೂರಕ್ಕೆ 1,200 ರೂ. ದರವನ್ನು ನಿಗದಿಪಡಿಸಬೇಕಾಯಿತು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತವು ಉದ್ಘಾಟನೆಗೊಂಡು, ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು ಪೂರೈಸುವ ಸಾಮರ್ಥ್ಯ ಒದಗಿದುದು ಸಮಾಧಾನದ ಸಂಗತಿಯೇ ಸರಿ. ಆದರೆ ಈ ನೀರು ಸುಮಾರು 100 ಕಿ.ಮೀ. ದೂರದಿಂದ, ನೂರಾರು ಮೀಟರ್ ಎತ್ತರಕ್ಕೆ ಪಂಪುಗಳ ಮೂಲಕ ಏರಿ ಬರತಕ್ಕದ್ದು. ಹೀಗೆ ದುಬಾರಿ ವಿದ್ಯುತ್ತಿನಿಂದ ಬಂದ ನೀರನ್ನು ಮಿತವಾಗಿ ಬಳಸುವ ಅಭ್ಯಾಸವು ಬಾಲ್ಯದಲ್ಲಿಯೇ ಬೇರೂರಬೇಕು. ನಗರಾಡಳಿತ, ಶಾಲೆ ಮತ್ತು ವಾಣಿಜ್ಯ ವಲಯ ಒಂದೆಡೆ ಸೇರಬೇಕಾದ ಅಗತ್ಯವಿರುವುದು ಇಲ್ಲಿಯೇ.

ಕಾನೂನಿನ ಜೊತೆಗೆ ಕಲಿಕೆ

2009ರ ತಿದ್ದುಪಡಿಯ ಮೂಲಕ ಬೆಂಗಳೂರಿನಲ್ಲಿ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಲಾಯಿತು. 2,400 ಚದರ ಅಡಿ ಹಾಗೂ ಅದಕ್ಕೆ ಮೇಲ್ಪಟ್ಟ ನಿವೇಶನಗಳಲ್ಲಿನ ಹಳೆಯ ಕಟ್ಟಡಗಳಿಗೂ, 1,200 ಚದರ ಅಡಿ ಹಾಗೂ ಅದಕ್ಕೆ ಮೇಲ್ಪಟ್ಟ ನಿವೇಶನಗಳಲ್ಲಿನ ಹೊಸ ಕಟ್ಟಡಗಳಿಗೂ ಈ ನಿಯಮ ಅನ್ವಯವಾಯಿತು. ಕೇವಲ ಆಜ್ಞೆಯಿಂದ ಜನ ಬದಲಾಗುವುದಿಲ್ಲವೆಂಬುದನ್ನು ಮನಗಂಡ ಬೆಂಗಳೂರು ಜಲಮಂಡಳಿಯು, ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ತಾಂತ್ರಿಕ ನೆರವಿನೊಡನೆ ಜಯನಗರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಸಂಗ್ರಹ ಉದ್ಯಾನವನ್ನು ರೂಪಿಸಿತು. ಛಾವಣಿಯ ನೀರನ್ನು ಹಿಡಿದು, ಸೋಸಿ, ತೊಟ್ಟಿಗೋ ಇಂಗುಗುಂಡಿಗೋ ಹರಿಸುವ ಬಗೆಗಳನ್ನು ಅಲ್ಲಿ ಮಾದರಿಗಳ ಮೂಲಕ ತೋರಿಸಲಾಗಿದೆ. ಪುಸ್ತಕದ ಹತ್ತು ಪುಟ ತಿಳಿಸದ ವಿಷಯವನ್ನು ವಿದ್ಯಾರ್ಥಿಯು ಇಲ್ಲಿ ಕಣ್ಣಾರೆ ಕಂಡು ಅರಿಯಬಲ್ಲನು.

ಸಲಕರಣೆಯೊಂದೇ ಸಾಲದು

2006ರಲ್ಲಿ ಸುವರ್ಣ ಕರ್ನಾಟಕದ ಸಂದರ್ಭದಲ್ಲಿ ಕೈಗೊಂಡ ‘ಸುವರ್ಣ ಜಲ’ ಯೋಜನೆಯು ರಾಜ್ಯದ 23,000ಕ್ಕೂ ಹೆಚ್ಚು ಗ್ರಾಮೀಣ ಶಾಲೆಗಳ ಛಾವಣಿ ನೀರನ್ನು ಸಂಗ್ರಹಿಸುವ ಗುರಿ ಹೊಂದಿತ್ತು. ಉದ್ದೇಶ ಉನ್ನತವಾದುದೇ. ಆದರೂ ಅನೇಕ ಕಡೆಗಳಲ್ಲಿ ನಿರ್ವಹಣೆಯ ಕೊರತೆಯಿಂದ ತೊಟ್ಟಿಗಳು ಬಳಕೆಗೆ ಬಾರದೆ ಉಳಿದವು. ದೋಣಿಯಲ್ಲಿ ಎಲೆ ತುಂಬಿದರೆ, ಮೊದಲ ಮಳೆಯ ಕೊಳೆನೀರನ್ನು ಹೊರಬಿಡದಿದ್ದರೆ, ಶೋಧಕವನ್ನು ತೊಳೆಯದಿದ್ದರೆ ಯಾವ ವ್ಯವಸ್ಥೆಯೂ ಎರಡು ಮಳೆಗಾಲ ಬಾಳದು. ನಗರದ ಶಾಲೆಗಳು ಇದರಿಂದ ಕಲಿಯಬೇಕಾದುದು ಸ್ಪಷ್ಟವಾಗಿದೆ: ನಿರ್ವಹಣೆಯೇ ಪಾಠವಾಗಬೇಕು, ಪಾಠವೇ ನಿರ್ವಹಣೆಯಾಗಬೇಕು.

ಗಣಿತದ ತರಗತಿಯೇ ಇದಕ್ಕೆ ಆರಂಭಸ್ಥಾನವಾಗಬಹುದು. ಒಂದು ಚದರ ಮೀಟರ್ ಛಾವಣಿಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆಯನ್ನು ಸುಮಾರು 970 ಮಿ.ಮೀ. ಎಂದಿಟ್ಟುಕೊಂಡರೆ, 500 ಚದರ ಮೀಟರ್ ಛಾವಣಿಯುಳ್ಳ ಶಾಲೆಯ ಮೇಲೆ 4,85,000 ಲೀಟರ್ ಸುರಿಯುತ್ತದೆ. ಶೇಕಡ 80ರಷ್ಟು ದಕ್ಕಿದರೂ 3,88,000 ಲೀಟರ್, ಅಂದರೆ 32 ಟ್ಯಾಂಕರ್ ನೀರು. ಹಾಗೆಯೇ ಸೋರುವ ನಲ್ಲಿಯ ಕೆಳಗೆ 200 ಮಿ.ಲೀ. ಲೋಟವನ್ನಿಟ್ಟಾಗ ಅದು ಹತ್ತು ನಿಮಿಷದಲ್ಲಿ ತುಂಬಿದರೆ, ವರ್ಷಕ್ಕೆ 10,500 ಲೀಟರ್ ವ್ಯರ್ಥವೆಂದು ಮಕ್ಕಳೇ ಕಂಡುಕೊಳ್ಳಬಲ್ಲರು. ಈ ಲೆಕ್ಕ ಮನೆಗೂ ಅಂಗಡಿಗೂ ತಲುಪುವುದು ನಿಶ್ಚಯ.

ಜರಗೋಜ ನಗರದ ನಿದರ್ಶನ

ಸ್ಪೇನ್ ದೇಶದ ಜರಗೋಜ ನಗರವು 1997ರಲ್ಲಿ ಕೈಗೊಂಡ ನೀರು ಉಳಿತಾಯ ಆಂದೋಲನವು ವಾಣಿಜ್ಯ ವಲಯಕ್ಕೆ ವಿಶೇಷವಾಗಿ ಗಮನಾರ್ಹ. ಸ್ವಯಂಸೇವಾ ಸಂಸ್ಥೆಯೊಂದು ನಗರಾಡಳಿತದ ಬೆಂಬಲದೊಡನೆ ಆರಂಭಿಸಿದ ಈ ಕಾರ್ಯದಲ್ಲಿ ಶಾಲೆಗಳು ಮಾತ್ರವಲ್ಲದೆ, ನಲ್ಲಿ ಮತ್ತು ಸ್ನಾನಗೃಹದ ಸಾಮಗ್ರಿ ಮಾರುವ ಅಂಗಡಿಗಳೂ ಪಾಲ್ಗೊಂಡವು. ಮಕ್ಕಳು ಶಾಲೆಯಲ್ಲಿ ಕಲಿತುದಕ್ಕೆ ಬೇಕಾದ ಸಲಕರಣೆ ಪೇಟೆಯಲ್ಲಿ ದೊರೆಯುವಂತಾಯಿತು. ವರ್ಷಕ್ಕೆ 100 ಕೋಟಿ ಲೀಟರ್ ಉಳಿಸುವ ಗುರಿಯನ್ನು ಮೀರಿ ಸುಮಾರು 117 ಕೋಟಿ ಲೀಟರ್ ಉಳಿತಾಯವಾಯಿತು. ಮುಂದೆ 2008ರಲ್ಲಿ ನೀರನ್ನೇ ವಿಷಯವಾಗುಳ್ಳ ಅಂತರರಾಷ್ಟ್ರೀಯ ಪ್ರದರ್ಶನಕ್ಕೆ ಈ ನಗರವೇ ಆತಿಥ್ಯ ವಹಿಸಿತು.

ನಮ್ಮಲ್ಲಿಯೂ ಇಂತಹ ಅವಕಾಶ ಇಲ್ಲದಿಲ್ಲ. 2024ರ ಮಾರ್ಚ್‌ನಲ್ಲಿ ಜಲಮಂಡಳಿಯು ವಾಣಿಜ್ಯ ಸಂಸ್ಥೆಗಳು, ವಸತಿ ಸಮುಚ್ಚಯಗಳು ಮುಂತಾದೆಡೆ ನಲ್ಲಿಗಳಿಗೆ ಏರೇಟರ್ ಅಳವಡಿಸುವುದನ್ನು ಕಡ್ಡಾಯಗೊಳಿಸಿದಾಗ ಈ ಸಣ್ಣ ವಸ್ತುವಿಗೆ ಬೇಡಿಕೆ ಕುದುರಿತು. ಶೋಧಕ, ಕೊಳವೆ, ತೊಟ್ಟಿ, ಮೀಟರ್ ತಯಾರಿಸುವ ಸಣ್ಣ ಕೈಗಾರಿಕೆಗಳಿಗೆ ಇದು ಬೆಳೆಯುವ ಮಾರುಕಟ್ಟೆಯೂ ಹೌದು.

ಉದ್ಯಮಿಗಳು ಮಾಡಬಹುದಾದುದು

2013ರ ಕಂಪನಿ ಕಾಯಿದೆಯ ಸಾಮಾಜಿಕ ಹೊಣೆಗಾರಿಕೆಯ ನಿಯಮವು ದೊಡ್ಡ ಕಂಪನಿಗಳಿಗೆ ಅನ್ವಯಿಸುವಂತಹುದು. ಸಣ್ಣ ಘಟಕಗಳಿಗೆ ಅಂತಹ ನಿರ್ಬಂಧವಿಲ್ಲ. ಆದರೆ ಒಂದು ಬಡಾವಣೆಯ ಹತ್ತು ವರ್ತಕರು ಕೂಡಿದರೆ ಒಂದು ಶಾಲೆಯ ಹೊಣೆ ಹೊರುವುದು ಭಾರವಲ್ಲ. ಸಾಮಗ್ರಿಯನ್ನು ದಾನವಾಗಿ ಕೊಟ್ಟು ಫಲಕ ಹಾಕಿಸಿಕೊಂಡು ಹಿಂದಿರುಗುವುದಕ್ಕಿಂತ, ಮೂರು ವರ್ಷಗಳ ನಿರ್ವಹಣೆಯ ಕರಾರು ಮಾಡಿಕೊಳ್ಳುವುದು ಲೇಸು. ಪ್ರತಿ ಮಳೆಗಾಲಕ್ಕೆ ಮುನ್ನ ಒಬ್ಬ ಕೊಳಾಯಿ ಕೆಲಸಗಾರನನ್ನು ಕಳುಹಿಸುವುದು, ಶಾಲೆಗೆ ಪ್ರತ್ಯೇಕ ನೀರಿನ ಮೀಟರ್ ಒದಗಿಸಿ ಅದರ ದಾಖಲೆಯನ್ನು ಮಕ್ಕಳಿಂದಲೇ ಬರೆಸುವುದು, ತಮ್ಮ ಕಾರ್ಖಾನೆಯ ನೀರು ಶುದ್ಧೀಕರಣ ವ್ಯವಸ್ಥೆಯನ್ನು ವಿದ್ಯಾರ್ಥಿಗಳಿಗೆ ತೋರಿಸುವುದು ಇವು ಅಲ್ಪ ವೆಚ್ಚದಲ್ಲಿ ಸಾಧ್ಯವಾಗುವ ಕಾರ್ಯಗಳು.

ಇಂದು ಶಾಲೆಯಲ್ಲಿ ಮೀಟರ್ ಓದಲು ಕಲಿತ ಬಾಲಕನೇ ನಾಳೆ ಕಾರ್ಖಾನೆಯ ಮೇಲ್ವಿಚಾರಕನೂ ಗ್ರಾಹಕನೂ ಆಗುವವನು. ನೀರಿಲ್ಲದ ಊರಿನಲ್ಲಿ ವ್ಯಾಪಾರವೂ ನಿಲ್ಲದು. ಆದುದರಿಂದ ಶಾಲೆಯ ತೊಟ್ಟಿಗೆ ಹಾಕಿದ ಹಣವನ್ನು ಧರ್ಮದ ಖಾತೆಗೆ ಬರೆಯುವ ಬದಲು ಬಂಡವಾಳದ ಖಾತೆಗೆ ಬರೆದುಕೊಳ್ಳುವುದೇ ಯುಕ್ತ.