ಕೀಮೋ ತಂದ ಜೋಮಿಗೆ ವಿಟಮಿನ್ ಮದ್ದೇ?

ಕ್ಯಾನ್ಸರಿಗೆ ಕೊಡುವ ಕೆಲವು ಔಷಧಗಳು ಕೈಕಾಲಿನ ನರಗಳನ್ನೂ ಘಾಸಿಗೊಳಿಸುತ್ತವೆ. ಪ್ಯಾಕ್ಲಿಟ್ಯಾಕ್ಸೆಲ್, ಸಿಸ್‌ಪ್ಲಾಟಿನ್, ಆಕ್ಸಾಲಿಪ್ಲಾಟಿನ್, ನಿತ್ಯಪುಷ್ಪದ ಗಿಡದಿಂದ ತೆಗೆಯುವ ವಿನ್‌ಕ್ರಿಸ್ಟಿನ್ ಇವುಗಳಲ್ಲಿ ಮುಖ್ಯ. ಉದ್ದನೆಯ ನರಗಳಿಗೆ ಪೆಟ್ಟು ಮೊದಲು ಬೀಳುವುದರಿಂದ ಜೋಮು, ಉರಿ ಬೆರಳ ತುದಿಗಳಲ್ಲಿ ಶುರುವಾಗಿ ಮೇಲಕ್ಕೆ ಹಬ್ಬುತ್ತವೆ. ರವಿಕೆಯ ಹುಕ್ಕು ಹಾಕಲು ಬೆರಳು ಬಗ್ಗದು. ನಡೆಯುವಾಗ ಚಪ್ಪಲಿ ಕಾಲಿಂದ ಜಾರಿದ್ದೂ ತಿಳಿಯದು. ಆಕ್ಸಾಲಿಪ್ಲಾಟಿನ್ ಪಡೆದವರಿಗೆ ತಣ್ಣೀರಿನ ಲೋಟ ಮುಟ್ಟಿದರೂ ಬೆರಳು ಚುಚ್ಚುತ್ತದೆ.

ಪೊಳ್ಳಾಚಿಯ ತೆಂಗಿನ ಸೀಮೆಯಿಂದ ಸುಮಾರು 40 ಕಿ.ಮೀ. ದೂರದ ಕೊಯಮತ್ತೂರಿಗೆ ಹೋಗಿ ಕೀಮೋ ಪಡೆದು ಬಂದವರು ಮುಂದಿನ ಸರದಿಯವರೆಗೆ ಮನೆಯಲ್ಲೇ ಇರುತ್ತಾರೆ. ನಡುವೆ ಜೋಮು ಕಾಣಿಸಿಕೊಂಡರೆ ಸುಲಭವಾಗಿ ಕೈಗೆ ಸಿಗುವುದು ಮೆಡಿಕಲ್ ಶಾಪಿನ ‘ನರದ ಗುಳಿಗೆ’. ಅದರಲ್ಲಿನ ವಿಟಮಿನ್ ನರವನ್ನು ಸರಿಪಡಿಸುತ್ತದೆಂಬ ನಂಬಿಕೆ ಹುಟ್ಟಿದ್ದಕ್ಕೂ ಕಾರಣವಿದೆ. ಹತ್ತಿರದ ನೀಲಗಿರಿಯ ಕೂನೂರಿನಲ್ಲಿ 1918ರಲ್ಲಿ ವೈದ್ಯ ರಾಬರ್ಟ್ ಮೆಕ್ಯಾರಿಸನ್ ಒಂದೇ ಕೋಣೆಯಲ್ಲಿ ಬೆರಿಬೆರಿ ರೋಗದ ಅಧ್ಯಯನ ಆರಂಭಿಸಿದರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಬೆಳೆದದ್ದು ಆ ಒಂದು ಕೋಣೆಯಿಂದಲೇ. ಬೆರಿಬೆರಿಯಲ್ಲಿ ನರ ಕೆಡುವುದು ಬಿ1 ವಿಟಮಿನ್ ಕೊರತೆಯಿಂದ. ಕೊರತೆ ನೀಗಿದರೆ ರೋಗಿ ಚೇತರಿಸಿಕೊಳ್ಳುತ್ತಾನೆ.

ಕೀಮೋದ ಹಾನಿ ಬೇರೆಯೇ ಬಗೆಯದು. ಪ್ಯಾಕ್ಲಿಟ್ಯಾಕ್ಸೆಲ್, ನರತಂತುವಿನ ಉದ್ದಕ್ಕೂ ಸರಕು ಸಾಗಿಸುವ ಸೂಕ್ಷ್ಮನಳಿಕೆಗಳ ಕೆಲಸ ಕೆಡಿಸುತ್ತದೆ. ಸಿಸ್‌ಪ್ಲಾಟಿನ್, ಆಕ್ಸಾಲಿಪ್ಲಾಟಿನ್‌ನಂಥ ಪ್ಲಾಟಿನಂ ಔಷಧಗಳು ಬೆನ್ನುಹುರಿಯ ಪಕ್ಕದ ಸಂವೇದನಾ ನರಕೋಶಗಳ ಡಿಎನ್‌ಎಗೆ ಅಂಟಿಕೊಳ್ಳುತ್ತವೆ. ಇಲ್ಲಿ ತುಂಬಬೇಕಾದ ಕೊರತೆಯೇ ಇಲ್ಲ.

ಪ್ರಯೋಗಗಳು ಹೇಳಿದ್ದೂ ಇದನ್ನೇ. ಇನ್ನೂರಕ್ಕೂ ಹೆಚ್ಚು ರೋಗಿಗಳ ಮೇಲಿನ ಪರೀಕ್ಷೆಯಲ್ಲಿ ವಿಟಮಿನ್ ಇ ಜೋಮನ್ನು ತಡೆಯಲಿಲ್ಲ. ವಿಟಮಿನ್ ಅಲ್ಲದಿದ್ದರೂ ನರದ ಗುಳಿಗೆಗಳಲ್ಲಿ ಕೆಲವೊಮ್ಮೆ ಬೆರೆತಿರುವ ಅಸಿಟೈಲ್-ಎಲ್-ಕಾರ್ನಿಟೈನ್‌ನ ಕಥೆ ಇನ್ನೂ ಕಳವಳಕಾರಿ. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಸ್ತನ ಕ್ಯಾನ್ಸರಿನ 409 ಮಹಿಳೆಯರಲ್ಲಿ ಕೆಲವರಿಗೆ ದಿನಕ್ಕೆ 3 ಗ್ರಾಂ ಅದನ್ನು, ಉಳಿದವರಿಗೆ ಹುಸಿ ಗುಳಿಗೆ ಕೊಡಲಾಯಿತು. 24 ವಾರಗಳ ಹೊತ್ತಿಗೆ ನಿಜವಾದ ಗುಳಿಗೆ ನುಂಗಿದವರ ನರಗಳೇ ಹೆಚ್ಚು ಕೆಟ್ಟಿದ್ದವು. ಬಿ6 ಅತಿಯಾದರೆ ತಾನೇ ನರಗಳನ್ನು ಕೆಡಿಸುತ್ತದೆಂಬುದು 1983ರಿಂದ ಗೊತ್ತಿದೆ. ಕೆಪೆಸಿಟಾಬಿನ್ ಎಂಬ ಕ್ಯಾನ್ಸರ್ ಗುಳಿಗೆ ನುಂಗುವವರಲ್ಲಿ ಫೋಲಿಕ್ ಆಮ್ಲ ಆ ಔಷಧದ ಅಡ್ಡಪರಿಣಾಮವನ್ನು ಹೆಚ್ಚಿಸಬಲ್ಲದು.

ಬಿ12ರ ಮಾತು ಬೇರೆ. ಶುದ್ಧ ಸಸ್ಯಾಹಾರಿಗಳು, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರು, ಜಠರ ತೆಗೆಸಿಕೊಂಡವರಲ್ಲಿ ಅದರ ಕೊರತೆ ನಿಜಕ್ಕೂ ಇರಬಹುದು. ಅದೂ ಜೋಮು ತರುತ್ತದೆ. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡರೆ ಬಿ12 ಕೊಡಲೇಬೇಕು.

ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ 2020ರ ಮಾರ್ಗಸೂಚಿಯಲ್ಲಿ ಕೀಮೋದ ಜೋಮನ್ನು ತಡೆಗಟ್ಟಲೆಂದು ಯಾವ ಗುಳಿಗೆಯನ್ನೂ ಶಿಫಾರಸು ಮಾಡಿಲ್ಲ. ನೋವಿಗೆ ಡುಲಾಕ್ಸೆಟಿನ್ ಒಂದನ್ನೇ ಹೆಸರಿಸಿದೆ, ಅದರ ಪ್ರಯೋಜನವೂ ಮಿತವೇ. ಜೋಮು ಹೆಚ್ಚುತ್ತಿದ್ದರೆ ಕೀಮೋದ ಪ್ರಮಾಣ ತಗ್ಗಿಸುವುದು, ಮುಂದೂಡುವುದು, ಔಷಧ ಬದಲಿಸುವುದು ವೈದ್ಯರ ಕೈಯಲ್ಲಿರುವ ದಾರಿಗಳು. ಪ್ಲಾಟಿನಂ ಔಷಧ ನಿಲ್ಲಿಸಿದ ಮೇಲೂ ಜೋಮು ಕೆಲವು ತಿಂಗಳು ಏರಬಹುದಾದ್ದರಿಂದ ಮೊದಲ ಲಕ್ಷಣದಲ್ಲೇ ಹೇಳುವುದು ಮುಖ್ಯ. ಮುಂದಿನ ಸರದಿಗೆ ಹೋಗುವಾಗ ಮನೆಯಲ್ಲಿ ನುಂಗುತ್ತಿರುವ ಪ್ರತಿ ಗುಳಿಗೆಯ ಪಟ್ಟಿಯನ್ನೂ ಒಯ್ದು ವೈದ್ಯರಿಗೆ ತೋರಿಸಬೇಕು.