ಡೌನ್ ಜಾಕೆಟ್: ಲೇಬಲ್ಲಿನ ಸಂಖ್ಯೆಯೊಂದನ್ನೇ ನಂಬಿದರೆ ಚಳಿ ತಪ್ಪದು

ಬೆಂಗಳೂರು: ಡಿಸೆಂಬರ್ ಸಮೀಪಿಸುತ್ತಿದ್ದಂತೆ ಉತ್ತರಾಖಂಡ, ಹಿಮಾಚಲ ಪ್ರದೇಶಗಳ ಹಿಮಚಾರಣಕ್ಕೆ ಹೊರಡುವ ಯುವಜನರೂ, ಜನವರಿಯ ಸೆಮಿಸ್ಟರ್‌ಗೆಂದು ಅಮೆರಿಕ, ಕೆನಡಾಗಳಿಗೆ ತೆರಳುವ ವಿದ್ಯಾರ್ಥಿಗಳೂ ಒಂದೇ ವಸ್ತುವನ್ನು ಹುಡುಕಿಕೊಂಡು ಅಂಗಡಿಗಳಿಗೆ ಬರುತ್ತಾರೆ. ಅದು ಡೌನ್ ಜಾಕೆಟ್. ಕೆಲವು ಸಾವಿರ ರೂಪಾಯಿಗಳಿಂದ ಮೂವತ್ತು ಸಾವಿರವನ್ನೂ ಮೀರುವ ಬೆಲೆಯ ಈ ಉಡುಪನ್ನು ಬಹುತೇಕರು ಲೇಬಲ್ಲಿನ ಮೇಲಿರುವ 600, 700, 800 ಎಂಬ ಸಂಖ್ಯೆ ನೋಡಿ ಕೊಳ್ಳುತ್ತಾರೆ. ಸಂಖ್ಯೆ ಹೆಚ್ಚಿದ್ದಷ್ಟೂ ಜಾಕೆಟ್ ಬೆಚ್ಚಗಿರುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಆದರೆ ಅದು ಅರ್ಧಸತ್ಯ ಮಾತ್ರ.

ಡೌನ್ ಎಂದರೆ ಹಕ್ಕಿಯ ಗರಿಯಲ್ಲ. ಬಾತುಕೋಳಿ ಹಾಗೂ ಹೆಬ್ಬಾತುಗಳ ಎದೆಯ ಭಾಗದಲ್ಲಿ, ಗರಿಗಳ ಅಡಿಯಲ್ಲಿ ಬೆಳೆಯುವ ದಂಟಿಲ್ಲದ ನವುರಾದ ತುಪ್ಪುಳ ಅದು. ಇದರ ಎಳೆಗಳು ಎಲ್ಲ ದಿಕ್ಕಿಗೂ ಹರಡಿಕೊಂಡು ನಡುವೆ ಗಾಳಿಯನ್ನು ಹಿಡಿದಿಡುತ್ತವೆ. ದೇಹದ ಶಾಖ ಹೊರಹೋಗದಂತೆ ತಡೆಯುವುದು ನಿಜಕ್ಕೂ ಈ ನಿಶ್ಚಲ ಗಾಳಿಯೇ ಹೊರತು ತುಪ್ಪುಳವಲ್ಲ.

ಇದನ್ನು ಪರ್ವತಾರೋಹಣಕ್ಕೆ ಮೊದಲು ಬಳಸಿದವರಲ್ಲಿ ರಸಾಯನಶಾಸ್ತ್ರಜ್ಞ ಜಾರ್ಜ್ ಫಿಂಚ್ ಪ್ರಮುಖರು. 1922ರ ಎವರೆಸ್ಟ್ ಯಾತ್ರೆಗೆ ಅವರು ಬಲೂನು ತಯಾರಿಸುವ ಬಟ್ಟೆಯೊಳಗೆ ತುಪ್ಪುಳ ತುಂಬಿಸಿ ಹೊಲಿಸಿದ ಕೋಟನ್ನು ಒಯ್ದಿದ್ದರು. ಉಣ್ಣೆ ಮತ್ತು ಟ್ವೀಡ್ ಧರಿಸಿದ್ದ ಸಹಯಾತ್ರಿಗಳಿಗೆ ಅದು ಮೊದಲು ನಗೆಪಾಟಲಿನ ವಸ್ತುವಾಗಿತ್ತು. ಇದೇ ಫಿಂಚ್ 1950ರ ದಶಕದಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕರಾಗಿದ್ದರು ಎಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದ ಸಂಗತಿ.

ಈಗ ಲೇಬಲ್ಲಿನ ಸಂಖ್ಯೆಯ ವಿಚಾರ. ಇದಕ್ಕೆ ಫಿಲ್ ಪವರ್ ಎಂದು ಹೆಸರು. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ತುಪ್ಪುಳವು ನಿಗದಿತ ಭಾರದ ಅಡಿಯಲ್ಲಿ ಎಷ್ಟು ಘನ ಅಂಗುಲ ಜಾಗಕ್ಕೆ ಉಬ್ಬುತ್ತದೆ ಎಂಬುದರ ಅಳತೆ ಇದು. ಇದು ತುಪ್ಪುಳದ ಗುಣಮಟ್ಟವನ್ನು ಹೇಳುತ್ತದೆಯೇ ವಿನಾ ಜಾಕೆಟ್ಟಿನೊಳಗೆ ಎಷ್ಟು ತುಪ್ಪುಳವಿದೆ ಎಂಬುದನ್ನು ಹೇಳುವುದಿಲ್ಲ. 800 ಫಿಲ್ ಪವರಿನ 60 ಗ್ರಾಂ ತುಂಬಿದ ತೆಳು ಜಾಕೆಟ್ಟನ್ನೂ, 600 ಫಿಲ್ ಪವರಿನ 150 ಗ್ರಾಂ ತುಂಬಿದ ಜಾಕೆಟ್ಟನ್ನೂ ಹೋಲಿಸಿ ನೋಡಬಹುದು. ಎರಡು ಅಂಕಿಗಳನ್ನು ಗುಣಿಸಿದರೆ ಮೊದಲನೆಯದಕ್ಕೆ 48,000, ಎರಡನೆಯದಕ್ಕೆ 90,000 ಬರುತ್ತದೆ. ಸಾಮಾನ್ಯವೆನಿಸುವ ಎರಡನೆಯದೇ ಸುಮಾರು ಎರಡು ಪಟ್ಟು ಉಬ್ಬುತ್ತದೆ. ಆದ್ದರಿಂದ ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ತುಂಬಿದ ತುಪ್ಪುಳದ ತೂಕವನ್ನು. ಅದನ್ನು ಹೇಳಲು ಹಿಂಜರಿಯುವ ಮಾರಾಟಗಾರನ ಬಗ್ಗೆ ಎಚ್ಚರ ಅಗತ್ಯ.

ಹೊಲಿಗೆಯನ್ನೂ ಗಮನಿಸಬೇಕು. ಒಳಬಟ್ಟೆ ಹೊರಬಟ್ಟೆಗಳನ್ನು ನೇರವಾಗಿ ಸೇರಿಸಿ ಹೊಲಿದ ಜಾಕೆಟ್‌ಗಳಲ್ಲಿ ಹೊಲಿಗೆಯ ಗೆರೆಯುದ್ದಕ್ಕೂ ತುಪ್ಪುಳವಿರುವುದಿಲ್ಲ. ಚಳಿ ಒಳನುಗ್ಗುವುದು ಅಲ್ಲಿಂದಲೇ. ತೀವ್ರ ಚಳಿಗೆಂದೇ ತಯಾರಾದವುಗಳಲ್ಲಿ ಎರಡು ಪದರಗಳ ನಡುವೆ ಬಟ್ಟೆಯ ಗೋಡೆಗಳಿದ್ದು, ತುಪ್ಪುಳ ಪೆಟ್ಟಿಗೆಯಂಥ ಕೋಣೆಗಳಲ್ಲಿ ಕೂತಿರುತ್ತದೆ. ಇವುಗಳ ತೂಕ, ಬೆಲೆ ಎರಡೂ ಹೆಚ್ಚು.

ತುಪ್ಪುಳದ ದೊಡ್ಡ ಶತ್ರು ನೀರು. ಒದ್ದೆಯಾದ ಕೂಡಲೇ ಎಳೆಗಳು ಮುದ್ದೆಯಾಗಿ ಗಾಳಿ ಹಿಡಿಯುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ತೆರಳಿದ್ದ ತಂಡ ಹಿಮಗಾಳಿಗೆ ಸಿಲುಕಿ 9 ಮಂದಿ ಮೃತಪಟ್ಟರು. ಬಯಲುಸೀಮೆಯವರ ಲೆಕ್ಕದಲ್ಲಿ ಅದು ಚಳಿಯ ತಿಂಗಳೇ ಅಲ್ಲ. ಅಂಥ ದುರಂತಕ್ಕೆ ಉಡುಪನ್ನು ಹೊಣೆ ಮಾಡುವುದು ಸಲ್ಲದು. ಆದರೆ ಎತ್ತರದಲ್ಲಿ ಗಾಳಿಯೂ ತೇವವೂ ಒಟ್ಟಾದರೆ ದೇಹದ ಶಾಖ ಕ್ಷಿಪ್ರವಾಗಿ ಇಳಿಯುತ್ತದೆ ಎಂಬುದನ್ನು ಚಾರಣಿಗರು ಮರೆಯುವಂತಿಲ್ಲ. ಡೌನ್ ಜಾಕೆಟ್ಟಿನ ಮೇಲೆ ಹಾಕಿಕೊಳ್ಳಲು ಗಾಳಿ, ಮಳೆ ತಡೆಯುವ ಹೊರಕವಚವೊಂದು ಚೀಲದಲ್ಲಿರಲೇಬೇಕು. ಈ ಕವಚ ಬಿಗಿಯಾಗಿದ್ದರೆ ತುಪ್ಪುಳ ಒತ್ತಿಹೋಗಿ ಇದ್ದೂ ಇಲ್ಲದಂತಾಗುತ್ತದೆ.

ಮತ್ತೊಂದು ತಪ್ಪು, ಜಾಕೆಟ್ ಧರಿಸಿಯೇ ಬೆಟ್ಟ ಹತ್ತುವುದು. ಏರುವಾಗ ಸುರಿಯುವ ಬೆವರು ತುಪ್ಪುಳವನ್ನು ಒಳಗಿನಿಂದಲೇ ತೇವಗೊಳಿಸುತ್ತದೆ. ಇದು ನಡೆಯುವಾಗಿನ ಉಡುಪಲ್ಲ, ನಿಂತಾಗಿನ ಉಡುಪು. ದಣಿವಾರಿಸಿಕೊಳ್ಳಲು ಕೂತ ಕೂಡಲೇ, ಮೈ ತಣ್ಣಗಾಗುವ ಮೊದಲೇ ಹಾಕಿಕೊಂಡು, ಹೊರಡುವಾಗ ತೆಗೆದಿಡುವುದು ಕ್ರಮ.

ನಿತ್ಯದ ಬಳಕೆಯ ಪ್ರಶ್ನೆ ಬೇರೆ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಕನಿಷ್ಠ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ಇಲ್ಲಿನ ಚಳಿಗೆ ಡೌನ್ ಜಾಕೆಟ್ ಆಡಂಬರವೇ ಸರಿ. ಬೆಳಗಿನ ಬೈಕ್ ಸವಾರಿಗೆ ಗಾಳಿ ತಡೆಯುವ ಸಾಧಾರಣ ಜಾಕೆಟ್ ಸಾಕು. ಮಲೆನಾಡಿನ ಮಳೆಯಲ್ಲಂತೂ ಇದು ನಿರುಪಯುಕ್ತ. ಶಿಕಾಗೊ, ಟೊರಾಂಟೊದಂಥ ನಗರಗಳಿಗೆ ತೆರಳುವವರಿಗೆ ಚಾರಣದ ಗಿಡ್ಡ ಜಾಕೆಟ್‌ಗಿಂತ ತೊಡೆಯವರೆಗೆ ಬರುವ, ಟೋಪಿಯಿರುವ, ನೀರು ಹೀರದ ಹೊರಬಟ್ಟೆಯ ಕೋಟು ಉಪಯುಕ್ತ. ಬಸ್ಸಿಗೆ ಕಾಯುವವರಿಗೆ ತೂಕ ದೊಡ್ಡ ಸಂಗತಿಯಲ್ಲ.

ಡೌನ್-ಲೈಕ್, ಡೌನ್ ಆಲ್ಟರ್ನೇಟಿವ್ ಎಂದು ಬರೆದಿದ್ದರೆ ಒಳಗಿರುವುದು ಪಾಲಿಯೆಸ್ಟರ್ ಎಂದೇ ಅರ್ಥ. ಅದನ್ನು ತಿಳಿದೇ ಕೊಂಡರೆ ತಪ್ಪೇನಿಲ್ಲ. ಅದು ಕೊಂಚ ಭಾರ, ಮಡಿಸಿದರೆ ಹೆಚ್ಚು ಜಾಗ ಬೇಡುತ್ತದೆ. ಆದರೆ ಒದ್ದೆಯಾದರೂ ಒಂದಿಷ್ಟು ಬಿಸಿ ಉಳಿಸಿಕೊಳ್ಳುತ್ತದೆ, ಅಗ್ಗ ಕೂಡ. ಪ್ರಾಣಿಜನ್ಯ ವಸ್ತು ಬೇಡವೆನ್ನುವವರಿಗೂ ಇದೇ ದಾರಿ. ತುಪ್ಪುಳ ಬಹುಪಾಲು ಮಾಂಸೋದ್ಯಮದ ಉಪೋತ್ಪನ್ನವಾಗಿದ್ದು, ಜೀವಂತ ಹಕ್ಕಿಗಳಿಂದ ಕೀಳುವ ಪದ್ಧತಿಯ ವಿರುದ್ಧ ಆಕ್ಷೇಪಗಳು ಕೇಳಿಬಂದವು. ಅದನ್ನು ನಿಷೇಧಿಸುವ ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್ ಎಂಬ ಪ್ರಮಾಣಪತ್ರ 2014ರಲ್ಲಿ ಜಾರಿಗೆ ಬಂತು.

ಅಸಲಿ ಜಾಕೆಟ್ಟಿನ ಲೇಬಲ್ಲಿನಲ್ಲಿ ತುಪ್ಪುಳ ಮತ್ತು ಗರಿಗಳ ಶೇಕಡಾವಾರು ಪ್ರಮಾಣ ಇರುತ್ತದೆ. 90ಕ್ಕೆ 10 ಉತ್ತಮ. ಮುಷ್ಟಿಯಲ್ಲಿ ಹಿಸುಕಿ ಬಿಟ್ಟರೆ ಬೇಗನೆ ಉಬ್ಬಬೇಕು. ಬೆರಳಿಗೆ ದಂಟುಗಳು ಚುಚ್ಚಿದರೆ ಗರಿಯೇ ಹೆಚ್ಚಿದೆ ಎಂದರ್ಥ.

ಜೀವನದಲ್ಲಿ ಒಮ್ಮೆ ಚಾರಣಕ್ಕೆ ಹೋಗುವವರು ಕೊಳ್ಳಲೇಬೇಕೆಂದಿಲ್ಲ. ಕೇದಾರಕಂಠ ಚಾರಣ ಆರಂಭವಾಗುವ ಸಾಂಕ್ರಿಯಂಥ ಊರುಗಳಲ್ಲಿ ಬಾಡಿಗೆಗೆ ದೊರೆಯುತ್ತವೆ. ಕೊಂಡವರು ಮಾತ್ರ ಅದನ್ನು ಚೀಲದಲ್ಲಿ ತುರುಕಿ ವರ್ಷಗಟ್ಟಲೆ ಅಟ್ಟದ ಮೇಲಿಡದೆ ಸಡಿಲವಾಗಿ ತೂಗುಹಾಕಬೇಕು. ಒಗೆದಾಗ ಹಿಂಡಬಾರದು. ಡ್ರೈಯರ್ ಇದ್ದರೆ ಕಡಿಮೆ ಶಾಖದಲ್ಲಿ ಎರಡು ಟೆನಿಸ್ ಚೆಂಡುಗಳೊಂದಿಗೆ ತಿರುಗಿಸಿದರೆ ಮುದ್ದೆಗಳು ಒಡೆಯುತ್ತವೆ. ಇಲ್ಲದವರು ನೆರಳಿನಲ್ಲಿ ಚಪ್ಪಟೆಯಾಗಿ ಹರಡಿ, ಆಗಾಗ ಕೈಯಿಂದ ಬಿಡಿಸುತ್ತಾ ಎರಡು ಮೂರು ದಿನ ಒಣಗಿಸಬೇಕಾಗುತ್ತದೆ. ಮಳೆಗಾಲದಲ್ಲಿ ಒಗೆಯುವುದು ಬೇಡ. ಪೂರ್ಣ ಒಣಗದಿದ್ದರೆ ಮುಗ್ಗಲು ವಾಸನೆ ಹಿಡಿಯುತ್ತದೆ.